ಐಹೊಳೆಯ ಕಲ್ಲಿನಲ್ಲಿ 3735 ವರ್ಷ: ನಾವು ಪೂಜಿಸುವವರು ನಿಜವಾಗಿ ಬದುಕಿದ್ದರು ಎನ್ನಲು ಯಾವುದು ಸಾಕ್ಷಿ?

ಮಲಪ್ರಭೆಯ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹುನಗುಂದ ಸೀಮೆಯ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಹೋದ ವಾರ ಒಂಬತ್ತನೆಯ ತರಗತಿಯ ಮಕ್ಕಳನ್ನು ಐಹೊಳೆಗೆ ಕರೆದೊಯ್ದಿದ್ದೆ. ಮೇಗುಟಿ ಗುಡ್ಡ ಹತ್ತಿ, ರವಿಕೀರ್ತಿ ಕಟ್ಟಿಸಿದ ಬಸದಿಯ ಗೋಡೆಯ ಮುಂದೆ ನಿಂತು, ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ತಡೆದ ಸಂಗತಿಯನ್ನು ಹೇಳಿದೆ. ಶಾಸನದ ಕಾಲವನ್ನು ಕವಿಯೇ ಎರಡು ಲೆಕ್ಕಗಳಲ್ಲಿ ಕೊಟ್ಟಿದ್ದಾನೆಂದೂ ವಿವರಿಸಿದೆ. ಭಾರತ ಯುದ್ಧ ನಡೆದು 3735 ವರ್ಷ. ಶಕ ರಾಜರ ಲೆಕ್ಕದಲ್ಲಿ 556 ವರ್ಷ. ಅಂದರೆ ಕ್ರಿ.ಶ. 634.

ಆಗ ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೇಳಿದಳು: "ಸರ್, ಹರ್ಷನ್ನ ಸೋಲಿಸಿದ್ದು ಖರೇ ಅಂತ ಈ ಕಲ್ಲು ನೋಡಿ ಹೇಳ್ತೀರಿ. ಇದೇ ಕಲ್ಲು ಭಾರತ ಯುದ್ಧ ಆಗಿ ಇಷ್ಟು ವರ್ಷ ಆತು ಅಂತೈತಿ. ಹಂಗಾದ್ರ ಕೃಷ್ಣ ಇದ್ದದ್ದೂ ಖರೇನ ಅಲ್ರೀ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. "ಅದು ನಂಬಿಕೆಯ ವಿಷಯ" ಎಂದುಬಿಡುವುದು ಸುಲಭವಿತ್ತು. ಆದರೆ ಆಕೆ ನಂಬಿಕೆಯ ಬಗ್ಗೆ ಕೇಳಿರಲಿಲ್ಲ; ಒಂದೇ ಕಲ್ಲಿನ ಒಂದು ಸಾಲನ್ನು ಒಪ್ಪಿ ಇನ್ನೊಂದು ಸಾಲನ್ನು ಬಿಡುವುದಕ್ಕೆ ನನ್ನ ಬಳಿ ಇರುವ ಕಾರಣವೇನು ಎಂದು ಕೇಳಿದ್ದಳು. ಇದು ನ್ಯಾಯವಾದ ಪ್ರಶ್ನೆ. ನಮ್ಮ ಮನೆಯಲ್ಲಿ ಅಷ್ಟಮಿಯ ಉಪವಾಸವನ್ನು ಇಂದಿಗೂ ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ. ಹಾಗಿದ್ದೂ ತರಗತಿಯಲ್ಲಿ ಮಗುವಿಗೆ ಪ್ರಾಮಾಣಿಕವಾದ ಉತ್ತರ ಕೊಡಬೇಕೆಂದಿದ್ದೇನೆ. ತಿಳಿದವರು ದಯವಿಟ್ಟು ನೆರವಾಗಬೇಕು.

ಶಾಸನಾಸಕ್ತ

ಮೇಷ್ಟ್ರೇ, ಆ ಮಗುವಿನ ಪ್ರಶ್ನೆ ಬಹಳ ಒಳ್ಳೆಯದು. ಶಾಸನ ಓದುವುದನ್ನು ಕಲಿಯಲು ಹೊರಟ ಪ್ರತಿಯೊಬ್ಬರೂ ಮೊದಲು ಎದುರಿಸಬೇಕಾದ ಪ್ರಶ್ನೆ ಅದೇ ಎಂದು ನನಗೆ ಅನ್ನಿಸುತ್ತದೆ.

ಹರ್ಷನ ಸಂಗತಿಯನ್ನು ನಾವು ನಂಬುವುದು ಕಲ್ಲಿನಲ್ಲಿ ಬರೆದಿದೆ ಎಂಬ ಒಂದೇ ಕಾರಣಕ್ಕಲ್ಲ. ರವಿಕೀರ್ತಿ ಪುಲಕೇಶಿಯ ಆಶ್ರಯದಲ್ಲಿದ್ದವನು. ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಯರ ಕೀರ್ತಿಗೆ ಹೋಲಿಸಿಕೊಂಡವನು. ಒಡೆಯನನ್ನು ಹೊಗಳುವುದೇ ಅವನ ಕೆಲಸವಾಗಿತ್ತು. ಹರ್ಷನ ಹರ್ಷವೇ ಅಳಿಯಿತು ಎಂದು ಅವನು ಶ್ಲೇಷೆ ಮಾಡಿದ್ದನ್ನು ಅಷ್ಟಕ್ಕೇ ನಂಬುವಂತಿಲ್ಲ. ಆದರೆ ಅದೇ ಕಾಲದಲ್ಲಿ ಚೀನಾದಿಂದ ಬಂದ ಹ್ಯೂಯೆನ್ ತ್ಸಾಂಗ್, ಹರ್ಷನ ಆಸ್ಥಾನದಲ್ಲಿ ಗೌರವ ಪಡೆದವನಾಗಿದ್ದರೂ, ದಕ್ಷಿಣದ ಈ ಅರಸನನ್ನು ಹರ್ಷ ಗೆಲ್ಲಲಾಗಲಿಲ್ಲ ಎಂದು ಬರೆದಿಟ್ಟಿದ್ದಾನೆ. ಪುಲಕೇಶಿಯನ್ನು ಹೊಗಳಿ ಅವನಿಗೆ ಆಗಬೇಕಾದ ಲಾಭ ಏನೂ ಇರಲಿಲ್ಲ. ಪರಸ್ಪರ ಸಂಬಂಧವಿಲ್ಲದ ಇಬ್ಬರು ತಮ್ಮ ಕಾಲದಲ್ಲೇ ನಡೆದ ಘಟನೆಯನ್ನು ಎರಡು ಕಡೆಯಿಂದ ಹೇಳುತ್ತಿರುವುದರಿಂದ ಅದು ನಡೆದದ್ದು ನಿಜವೆಂದು ಒಪ್ಪುತ್ತೇವೆ.

3735ರ ಸಂಗತಿ ಬೇರೆ. ಅಲ್ಲಿ ರವಿಕೀರ್ತಿ ತಾನು ಕಂಡದ್ದನ್ನು ಹೇಳುತ್ತಿಲ್ಲ, ತನ್ನ ಕಾಲದ ಪಂಡಿತರು ಒಪ್ಪಿಕೊಂಡಿದ್ದ ಒಂದು ಲೆಕ್ಕವನ್ನು ಹೇಳುತ್ತಿದ್ದಾನೆ. ಶಾಸನವು ತಾನು ಕೆತ್ತಿಸಿಕೊಂಡ ಕಾಲಕ್ಕೆ ಗಟ್ಟಿಯಾದ ಸಾಕ್ಷಿ. ತಾನು ಹೇಳುವ ಹಿಂದಿನ ಕಾಲಕ್ಕೆ ಅಷ್ಟು ಗಟ್ಟಿಯಲ್ಲ. ಕ್ರಿ.ಶ. 634ರ ಹೊತ್ತಿಗೆ ಕನ್ನಡ ನಾಡಿನಲ್ಲಿ ಒಬ್ಬ ಜೈನ ಕವಿಯೂ ಭಾರತ ಯುದ್ಧವನ್ನು ಕಾಲಗಣನೆಯ ಆರಂಭದ ಗೂಟವನ್ನಾಗಿ ಬಳಸುವಷ್ಟು ಆ ನಂಬಿಕೆ ಹರಡಿತ್ತು ಎಂಬುದು ಈ ಸಾಲಿನಿಂದ ಖಚಿತವಾಗಿ ತಿಳಿಯುತ್ತದೆ. ಇದೇನೂ ಸಣ್ಣ ಮಾಹಿತಿಯಲ್ಲ. ಆದರೆ ಯುದ್ಧ ಆ ವರ್ಷವೇ ನಡೆಯಿತು ಎಂಬುದಕ್ಕೆ ಇದು ಸಾಕ್ಷಿಯಾಗದು.

ಹಳೆಯ ಪಂಡಿತರಲ್ಲಿಯೇ ಈ ಲೆಕ್ಕಕ್ಕೆ ಒಮ್ಮತವಿರಲಿಲ್ಲ. ಐಹೊಳೆಯ ಲೆಕ್ಕ ಹಿಡಿದರೆ ಯುದ್ಧ ಕ್ರಿ.ಪೂ. 3102ರ ಸುಮಾರಿಗೆ, ಅಂದರೆ ಕಲಿಯುಗದ ಆರಂಭಕ್ಕೆ ಬರುತ್ತದೆ. 12ನೆಯ ಶತಮಾನದ ಕಾಶ್ಮೀರದ ಕಲ್ಹಣನು, ಕಲಿಯುಗ ಆರಂಭವಾಗಿ 653 ವರ್ಷ ಕಳೆದ ಮೇಲೆ ಕುರುಪಾಂಡವರು ಇದ್ದರು ಎಂದು ಹೇಳಿ, ದ್ವಾಪರದ ಕೊನೆಯಲ್ಲಿ ಯುದ್ಧವಾಯಿತೆಂದು ನಂಬಿದವರು ದಾರಿ ತಪ್ಪಿದ್ದಾರೆ ಎನ್ನುತ್ತಾನೆ. ಪುರಾಣಗಳ ವಂಶಾವಳಿಗಳು ಪರೀಕ್ಷಿತನ ಹುಟ್ಟಿನಿಂದ ಮಗಧದ ಅರಸ ಮಹಾಪದ್ಮ ನಂದನ ಪಟ್ಟಾಭಿಷೇಕದವರೆಗೆ 1015 ಅಥವಾ 1050 ವರ್ಷ ಎನ್ನುತ್ತವೆ. ಆ ಲೆಕ್ಕದಲ್ಲಿ ಯುದ್ಧ ಇನ್ನೂ ಸಾವಿರಕ್ಕೂ ಹೆಚ್ಚು ವರ್ಷ ಈಚೆಗೆ ಬರುತ್ತದೆ. ಮೂರೂ ನಮ್ಮವರದೇ ಲೆಕ್ಕಗಳು, ಮೂರೂ ಒಟ್ಟಿಗೆ ಸರಿಯಾಗಲು ಸಾಧ್ಯವಿಲ್ಲ.

ಪಾಠಶಾಲೆಯ ಹಳೆಯ ವಿದ್ಯಾರ್ಥಿ

ಶಾಸನಾಸಕ್ತರ ಮಾತನ್ನು ಒಪ್ಪುತ್ತೇನೆ. ಆದರೆ ಚರ್ಚೆ ವರ್ಷದ ಲೆಕ್ಕಕ್ಕೆ ಸಿಕ್ಕಿಕೊಂಡರೆ ಹುಡುಗಿಯ ನಿಜವಾದ ಪ್ರಶ್ನೆ ಕೈತಪ್ಪುತ್ತದೆ. ಆಕೆ ಯುದ್ಧದ ತಾರೀಖು ಕೇಳಲಿಲ್ಲ, ಕೃಷ್ಣನಿದ್ದನೇ ಎಂದು ಕೇಳಿದಳು. ತಾರೀಖು ತಪ್ಪಾದ ಮಾತ್ರಕ್ಕೆ ಮನುಷ್ಯ ಇಲ್ಲವಾಗುವುದಿಲ್ಲ. ನನ್ನ ಅಜ್ಜಿಗೆ ತಾನು ಹುಟ್ಟಿದ ವರ್ಷ ಗೊತ್ತಿರಲಿಲ್ಲ.

ವಾಸುದೇವನ ಹೆಸರು ಎಷ್ಟು ಹಿಂದಕ್ಕೆ ಸಿಗುತ್ತದೆ ಎಂದು ಈಗಿನಿಂದ ಹಿಂದಕ್ಕೆ ನಡೆಯೋಣ. ಕ್ರಿಸ್ತಶಕದ ಆರಂಭದ ಸುಮಾರಿನಲ್ಲಿ ಮಥುರೆಯ ಬಳಿಯ ಮೋರಾ ಎಂಬ ಊರಿನ ಬಾವಿಯ ಶಾಸನ, ವೃಷ್ಣಿ ಕುಲದ, ಅಂದರೆ ಕೃಷ್ಣನ ಕುಲದ, ಐವರು ವೀರರ ಪ್ರತಿಮೆಗಳನ್ನು ಸ್ಥಾಪಿಸಿದ್ದನ್ನು ಹೇಳುತ್ತದೆ. ಅದಕ್ಕೂ ಹಿಂದೆ, ಕ್ರಿ.ಪೂ. 2ನೆಯ ಶತಮಾನದ ಕೊನೆಯ ಸುಮಾರಿಗೆ, ತಕ್ಷಶಿಲೆಯಿಂದ ಬಂದ ಹೆಲಿಯೋಡೋರಸ್ ಎಂಬ ಗ್ರೀಕ್ ರಾಯಭಾರಿ ವಿದಿಶೆಯ ಬಳಿ ದೇವದೇವ ವಾಸುದೇವನಿಗೆ ಗರುಡಧ್ವಜ ನಿಲ್ಲಿಸಿ, ತನ್ನನ್ನು ಭಾಗವತನೆಂದು ಕರೆದುಕೊಂಡಿದ್ದಾನೆ. ಸುತ್ತಲಿನ ಜನ ಆ ಕಂಬವನ್ನು ಪೂಜಿಸುತ್ತ ಸಿಂಧೂರ ಬಳಿದು ಬಳಿದು, 1877ರಲ್ಲಿ ಪುರಾತತ್ವಜ್ಞ ಕನ್ನಿಂಗ್‌ಹ್ಯಾಮ್ ಅದನ್ನು ನೋಡಿದಾಗ ಅಕ್ಷರಗಳೇ ಕಾಣದಷ್ಟು ದಪ್ಪ ಪದರ ಕಟ್ಟಿತ್ತು. ಅಕ್ಷರ ಬೆಳಕಿಗೆ ಬಂದದ್ದು 20ನೆಯ ಶತಮಾನದ ಆರಂಭದಲ್ಲಿ. ಭಕ್ತಿಯೇ ಸಾಕ್ಷಿಯನ್ನು ಮುಚ್ಚಿತ್ತು. ಅದೇ ಭಕ್ತಿ ಆ ಕಂಬವನ್ನು ಎರಡು ಸಾವಿರ ವರ್ಷ ಉಳಿಸಿಯೂ ಇತ್ತು. ಇನ್ನೂ ಹಿಂದಕ್ಕೆ ಹೋದರೆ, ಕ್ರಿ.ಪೂ. 180ರ ಸುಮಾರಿನ ಅಗಾಥೋಕ್ಲಿಸ್ ಎಂಬ ಯವನ (ಗ್ರೀಕ್) ಅರಸನ ಬೆಳ್ಳಿಯ ನಾಣ್ಯಗಳಲ್ಲಿ ಒಂದು ಬದಿಗೆ ಚಕ್ರಧರ, ಇನ್ನೊಂದು ಬದಿಗೆ ಹಲಧರ, ಅಂದರೆ ನೇಗಿಲು ಹಿಡಿದ ಬಲರಾಮ ಇದ್ದಾರೆ. ಅವು 1970ರಲ್ಲಿ ಅಫ್ಘಾನಿಸ್ತಾನದ ಐ ಖಾನುಮ್‌ನಲ್ಲಿ ಸಿಕ್ಕವು.

ಇವೆಲ್ಲ ಪೂಜೆಯ ಸಾಕ್ಷಿಗಳು. ಪೂಜೆಗಿಂತ ಹಿಂದಿನ ಮನುಷ್ಯನ ಸುಳಿವು ಬೇಕಾದರೆ ನನ್ನ ಮಟ್ಟಿಗೆ ಅತ್ಯಂತ ಬೆಲೆಯುಳ್ಳದ್ದು ವ್ಯಾಕರಣದ ಒಂದು ಸೂತ್ರ. ಒಬ್ಬರಲ್ಲಿ ಭಕ್ತಿ ಇಟ್ಟವನನ್ನು ಹೇಗೆ ಕರೆಯಬೇಕು ಎಂದು ಹೇಳುವಾಗ ಪಾಣಿನಿಯು ವಾಸುದೇವ ಮತ್ತು ಅರ್ಜುನ ಎಂಬ ಎರಡು ಹೆಸರುಗಳಿಗೆ ಪ್ರತ್ಯೇಕ ಪ್ರತ್ಯಯ ವಿಧಿಸುತ್ತಾನೆ. ವಾಸುದೇವನ ಭಕ್ತ ವಾಸುದೇವಕ. ಅದರ ಮುಂದಿನ ಸೂತ್ರದಲ್ಲಿಯೇ ಕ್ಷತ್ರಿಯರ ಹೆಸರುಗಳಿಗೆಲ್ಲ ಅನ್ವಯಿಸುವ ನಿಯಮವಿದೆ. ಹಾಗಾದರೆ ವಾಸುದೇವನನ್ನು ಪ್ರತ್ಯೇಕವಾಗಿ ಏಕೆ ಹೇಳಬೇಕಿತ್ತು ಎಂಬ ಪ್ರಶ್ನೆಯನ್ನು ಪಾಣಿನಿಯ ವ್ಯಾಕರಣಕ್ಕೆ ಭಾಷ್ಯ ಬರೆದ ಕ್ರಿ.ಪೂ. 2ನೆಯ ಶತಮಾನದ ಪತಂಜಲಿ ಎತ್ತುತ್ತಾನೆ. ಅವನು ಕೊಡುವ ಸಮಾಧಾನಗಳಲ್ಲಿ ಒಂದು, ಇದು ಕ್ಷತ್ರಿಯನ ಹೆಸರಲ್ಲ, ಪೂಜ್ಯನಾದವನ ಸಂಜ್ಞೆ ಎಂಬುದು. ನಿಮ್ಮ ಹುಡುಗಿ ಗುಡ್ಡದ ಮೇಲೆ ಕೇಳಿದ ಪ್ರಶ್ನೆ, ಅಂದರೆ ಈತ ಮನುಷ್ಯನೋ ದೇವರೋ ಎಂಬುದು, ಆಗಲೇ ವೈಯಾಕರಣರ ಮುಂದೆ ಇತ್ತು ಎಂದು ನೆನೆದಾಗ ನನಗೆ ಮೈ ಜುಮ್ಮೆನ್ನುತ್ತದೆ.

ವೃಷ್ಣಿಗಳಲ್ಲಿ ವಾಸುದೇವನೆಂಬ ಒಬ್ಬ ನಾಯಕನಿದ್ದ, ಅವನ ಕುಲದವರು ಅವನನ್ನು ವೀರನೆಂದು ಗೌರವಿಸಿದರು, ಆ ಗೌರವ ಪೂಜೆಯಾಯಿತು ಎಂದು ನಾನು ನಂಬುತ್ತೇನೆ. ಇದು ನನ್ನ ಅಭಿಪ್ರಾಯ. ಮೇಲಿನ ಸಾಕ್ಷಿಗಳು ಇದಕ್ಕೆ ಅವಕಾಶ ಕೊಡುತ್ತವೆಯೇ ಹೊರತು ಇದನ್ನು ಸಾಬೀತುಪಡಿಸುವುದಿಲ್ಲ.

ತರ್ಕನಿಷ್ಠ

ಮಾನ್ಯರೇ, ಗೌರವದಿಂದಲೇ ಒಂದು ಆಕ್ಷೇಪ. ಹೆಸರು ಹಳೆಯದು, ಪೂಜೆ ಹಳೆಯದು ಎಂಬುದರಿಂದ ಮನುಷ್ಯ ಇದ್ದನೆಂಬ ಕಡೆಗೆ ಒಂದು ಹೆಜ್ಜೆಯನ್ನೂ ಇಡಲಾಗದು ಎಂಬುದು ನನ್ನ ವಾದ. ಒಂದು ಉದಾಹರಣೆ ಕೊಡುತ್ತೇನೆ.

ನೇಪಾಳದ ತರಾಯಿಯಲ್ಲಿ ಅಶೋಕನ ಎರಡು ಕಂಬಗಳಿವೆ. ಒಂದು ಲುಂಬಿನಿಯದು, 1896ರಲ್ಲಿ ಸಿಕ್ಕಿದ್ದು. ಪಟ್ಟವೇರಿ 20 ವರ್ಷವಾದ ಮೇಲೆ ತಾನೇ ಬಂದು ಪೂಜಿಸಿದೆ, ಶಾಕ್ಯಮುನಿ ಬುದ್ಧ ಇಲ್ಲಿ ಹುಟ್ಟಿದ ಎಂದು ಅಶೋಕ ಅಲ್ಲಿ ಹೇಳುತ್ತಾನೆ. ಬುದ್ಧನಿದ್ದನೆಂಬುದಕ್ಕೆ ಎಲ್ಲರೂ ತೋರಿಸುವ ಕಲ್ಲು ಇದು. ಅಲ್ಲಿಂದ ಹೆಚ್ಚು ದೂರವಿಲ್ಲದ ನಿಗಾಲಿ ಸಾಗರದ ಕಂಬದಲ್ಲಿ ಅದೇ ಅಶೋಕ, ಪಟ್ಟವೇರಿದ 14ನೆಯ ವರ್ಷದಲ್ಲಿ ಕನಕಮುನಿ ಬುದ್ಧನ ಸ್ತೂಪವನ್ನು ಎರಡು ಪಟ್ಟು ದೊಡ್ಡದು ಮಾಡಿಸಿದೆ ಎನ್ನುತ್ತಾನೆ. ಈ ಕನಕಮುನಿ ಯಾರು? ಬೌದ್ಧ ಪರಂಪರೆಯಲ್ಲಿ ಶಾಕ್ಯಮುನಿಗೂ ಮುಂಚೆ, ಮನುಷ್ಯರ ಆಯುಷ್ಯ ಸಾವಿರಗಟ್ಟಲೆ ವರ್ಷಗಳಿದ್ದ ಯುಗದಲ್ಲಿ ಬಂದುಹೋದನೆಂದು ಹೇಳುವ ಬುದ್ಧ. ಅವನಿಗೂ ಸ್ತೂಪವಿತ್ತು, ಅವನಿಗೂ ಅಶೋಕನ ಕಂಬವಿದೆ. ಅದೇ ಅರಸ, ಅದೇ ಲಿಪಿ, ಅದೇ ಶ್ರದ್ಧೆ. ಒಬ್ಬನನ್ನು ಇತಿಹಾಸ ಎಂದು, ಇನ್ನೊಬ್ಬನನ್ನು ಪುರಾಣ ಎಂದು ನಾವು ಯಾವ ಆಧಾರದಿಂದ ಬೇರ್ಪಡಿಸುತ್ತೇವೆ?

ಬುದ್ಧನ ಬಗೆಗೇ ಸಂಶಯ ಹೊಸದಲ್ಲ. 19ನೆಯ ಶತಮಾನದ ಮಧ್ಯದಲ್ಲಿ ಎಚ್. ಎಚ್. ವಿಲ್ಸನ್ ಎಂಬ ಸಂಸ್ಕೃತ ಪಂಡಿತರು ಶಾಕ್ಯಮುನಿ ಕಲ್ಪಿತ ವ್ಯಕ್ತಿಯಾಗಿರಬಹುದು ಎಂದರು. 1870ರ ದಶಕದಲ್ಲಿ ಫ್ರಾನ್ಸಿನ ಸೆನಾರ್ ಅವರು ಬುದ್ಧನ ಚರಿತೆಯ ಬಹುಭಾಗ ಸೂರ್ಯನ ಕಥೆಯ ರೂಪಾಂತರ ಎಂದು ವಾದಿಸಿದರು.

ಶಾಸನಾಸಕ್ತ

ತರ್ಕನಿಷ್ಠರೇ, ನಿಗಾಲಿ ಸಾಗರದ ಉದಾಹರಣೆ ಸರಿಯಾದ ಜಾಗಕ್ಕೇ ಬಿದ್ದಿದೆ. ಲುಂಬಿನಿಯ ಕಂಬ ಒಂದನ್ನೇ ಹಿಡಿದು ಬುದ್ಧನಿದ್ದನೆಂದು ಹೇಳುವವರಿಗೆ ಅದರ ಮುಂದೆ ಉತ್ತರವಿಲ್ಲ. ಅಶೋಕ ಬಂದದ್ದು ಬುದ್ಧ ತೀರಿಕೊಂಡು ಕಡಿಮೆಯೆಂದರೂ ನೂರು ವರ್ಷಗಳ ಮೇಲೆ. ಆ ಹೊತ್ತಿಗೆ ಆ ಜಾಗ ಯಾತ್ರಾಸ್ಥಳವಾಗಿತ್ತು, ಲುಂಬಿನಿ ಗ್ರಾಮಕ್ಕೆ ಕರ ಇಳಿಸುವಷ್ಟು ಅದಕ್ಕೆ ಮಹತ್ವ ಬಂದಿತ್ತು ಎಂಬುದಷ್ಟೇ ಅದರಿಂದ ಖಚಿತ.

ಆದರೆ ಕನಕಮುನಿಗಿಲ್ಲದ ಒಂದು ಬಗೆಯ ಸಾಕ್ಷಿ ಶಾಕ್ಯಮುನಿಗೆ ಇದೆ. ಅವನ ಸುತ್ತ ಒಂದು ಜನಜಂಗುಳಿಯೇ ಇದೆ. ಮಗಧ ಕೋಸಲಗಳ ಅರಸರು, ವೈಶಾಲಿಯ ಗಣ, ಅವನೊಡನೆ ವಾದಕ್ಕಿಳಿದ ಬೇರೆ ಪಂಥಗಳ ಗುರುಗಳು. ಆ ಗುರುಗಳಲ್ಲಿ ಒಬ್ಬನನ್ನು ಪಾಲಿ ಗ್ರಂಥಗಳು ನಿಗಂಠ ನಾತಪುತ್ತ ಎಂದು ಕರೆಯುತ್ತವೆ. ಇವನೇ ಜೈನರ ವರ್ಧಮಾನ ಮಹಾವೀರ. ಬೌದ್ಧರು ಅವನನ್ನು ಹೊಗಳಲು ನೆನೆಯುವುದಿಲ್ಲ. ತಮ್ಮ ಗುರುವಿನ ಮುಂದೆ ಅವನ ಮತ ಸೋತಿತು ಎಂದು ತೋರಿಸಲು ನೆನೆಯುತ್ತಾರೆ. ಒಂದು ಕಾಲದಲ್ಲಿ ಯುರೋಪಿನ ಪಂಡಿತರಲ್ಲಿ ಕೆಲವರು ಜೈನ ಧರ್ಮ ಬೌದ್ಧ ಧರ್ಮದ ಕವಲು ಎಂದು ತಿಳಿದಿದ್ದರು. 1879ರಲ್ಲಿ ಹರ್ಮನ್ ಯಾಕೋಬಿ ಆ ತಿಳಿವಳಿಕೆಯನ್ನು ತಳ್ಳಿಹಾಕಿದ್ದು ಮುಖ್ಯವಾಗಿ ಎರಡೂ ಪಂಥಗಳ ಗ್ರಂಥಗಳನ್ನು ಎದುರುಬದುರು ಇಟ್ಟು ಓದಿ. ಎದುರಾಳಿಯೇ ಒಬ್ಬನ ಹೆಸರನ್ನು ನೆನಪಿಟ್ಟುಕೊಂಡರೆ ಆ ನೆನಪಿಗೆ ತೂಕ ಹೆಚ್ಚು. ಕನಕಮುನಿಗೆ ಎದುರಾಳಿಗಳಿಲ್ಲ. ಅವನೊಡನೆ ಜಗಳವಾಡಿದ ಯಾರೂ ಯಾವ ಪಂಥದ ನೆನಪಿನಲ್ಲೂ ಇಲ್ಲ.

ಇನ್ನೊಂದು ಮಾತು. ಅಶೋಕನೇ ಒಂದು ಕಾಲಕ್ಕೆ ಪುಸ್ತಕದ ಹೆಸರಾಗಿದ್ದ. ಕಲ್ಲುಗಳಲ್ಲಿ ಇದ್ದದ್ದು ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಬಿರುದು. ಅದು ಅಶೋಕನೇ ಎಂದು ಸಿಂಹಳದ ವೃತ್ತಾಂತಗಳ ನೆರವಿನಿಂದ ಊಹಿಸಲಾಗಿತ್ತು. 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಗಣಿಯ ಎಂಜಿನಿಯರೊಬ್ಬರ ಕಣ್ಣಿಗೆ ಬಿದ್ದ ಬಂಡೆಯಲ್ಲಿ ದೇವಾನಾಂಪ್ರಿಯ ಅಶೋಕ ಎಂದೇ ಸಿಕ್ಕಿತು. ಪುಸ್ತಕದ ನೆನಪು ಕೆಲವೊಮ್ಮೆ ನಿಜವನ್ನೇ ಹಿಡಿದಿಟ್ಟಿರುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಯಿದೆ.

ಕಳ್ಬಪ್ಪಿನ ಶ್ರಾವಕ

ನಾನು ಶ್ರವಣಬೆಳಗೊಳದ ಸಮೀಪದವನು. ಮಹಾವೀರಸ್ವಾಮಿಯವರ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ಶ್ರುತಕೇವಲಿ (ಆಗಮಗಳನ್ನೆಲ್ಲ ಬಲ್ಲ ಆಚಾರ್ಯ) ಭದ್ರಬಾಹುಗಳು ಹನ್ನೆರಡು ವರ್ಷದ ಕ್ಷಾಮವನ್ನು ಮುಂದಾಗಿ ತಿಳಿದು ಸಂಘವನ್ನು ದಕ್ಷಿಣಕ್ಕೆ ನಡೆಸಿದರು, ಮೌರ್ಯ ಚಂದ್ರಗುಪ್ತನು ರಾಜ್ಯ ಬಿಟ್ಟು ಅವರನ್ನು ಹಿಂಬಾಲಿಸಿ ಚಿಕ್ಕಬೆಟ್ಟದಲ್ಲಿ ದೇಹ ಬಿಟ್ಟನು ಎಂದು ನಾವು ಚಿಕ್ಕಂದಿನಿಂದ ಕೇಳಿ ಬೆಳೆದಿದ್ದೇವೆ. ಇದಕ್ಕೆ ಶಾಸನವೂ ಇದೆಯಲ್ಲ? ಇದನ್ನು ತಾವು ಯಾವ ಕಡೆಗೆ ಇಡುತ್ತೀರಿ?

ಶಾಸನಾಸಕ್ತ

ಶ್ರಾವಕರೇ, ತಮ್ಮ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ, ಅನ್ಯಥಾ ಭಾವಿಸಬಾರದು.

ಚಿಕ್ಕಬೆಟ್ಟದ ಅತ್ಯಂತ ಹಳೆಯ ಶಾಸನ ಕ್ರಿ.ಶ. 600ರ ಸುಮಾರಿನದು. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಗಳು ಹನ್ನೆರಡು ವರ್ಷದ ವಿಪತ್ತನ್ನು ಹೇಳಿದ್ದು, ಸಂಘ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟದ್ದು, ಕಟವಪ್ರದಲ್ಲಿ, ಅಂದರೆ ಇದೇ ಚಿಕ್ಕಬೆಟ್ಟದಲ್ಲಿ, ಪ್ರಭಾಚಂದ್ರ ಎಂಬ ಆಚಾರ್ಯರು ಸಮಾಧಿ ಸಾಧಿಸಿದ್ದು ಅದರಲ್ಲಿದೆ. ಚಂದ್ರಗುಪ್ತ ಎಂಬ ಹೆಸರು ಅದರಲ್ಲಿಲ್ಲ. ಭದ್ರಬಾಹು ಚಂದ್ರಗುಪ್ತ ಎಂಬ ಎರಡು ಹೆಸರುಗಳು ಜೊತೆಯಾಗಿ ಬರುವುದು ಶ್ರೀರಂಗಪಟ್ಟಣದ ಬಳಿಯ ಕ್ರಿ.ಶ. 900ರ ಸುಮಾರಿನ ಶಾಸನಗಳಲ್ಲಿ. ಹತ್ತನೆಯ ಶತಮಾನದ ಹರಿಷೇಣನ ಕಥೆಯಲ್ಲಿ ಭದ್ರಬಾಹುಗಳು ಉತ್ತರದಲ್ಲೇ ಉಳಿದು ಅಲ್ಲಿಯೇ ದೇಹ ಬಿಡುತ್ತಾರೆ. ಮುನಿಯಾದ ಚಂದ್ರಗುಪ್ತನು ಸಂಘವನ್ನು ದಕ್ಷಿಣದ ಪುನ್ನಾಟ ಸೀಮೆಗೆ ತರುತ್ತಾನೆ. ಶಾಸನ ವಿದ್ವಾಂಸ ಲೂಯಿಸ್ ರೈಸ್ ಅವರು ಪ್ರಭಾಚಂದ್ರರೇ ಚಂದ್ರಗುಪ್ತ ಎಂದರು, ಇನ್ನೊಬ್ಬ ಶಾಸನ ವಿದ್ವಾಂಸ ಫ್ಲೀಟ್ ಒಪ್ಪಲಿಲ್ಲ. ಮೌರ್ಯ ಅರಸನಿಗೂ ಈ ಮೊದಲ ಶಾಸನಕ್ಕೂ ನಡುವೆ ಸುಮಾರು ಒಂಬತ್ತು ನೂರು ವರ್ಷಗಳ ಅಂತರವಿದೆ. ಅರಸನಿದ್ದದ್ದು ನಿಜ, ಗ್ರೀಕರು ಅವನ ಹೆಸರನ್ನು ಬರೆದಿಟ್ಟಿದ್ದಾರೆ. ಅವನು ಕಳ್ಬಪ್ಪಿಗೆ (ಚಿಕ್ಕಬೆಟ್ಟಕ್ಕೆ) ಬಂದದ್ದು ನಿಜವೆಂದು ಹೇಳಲು ನನ್ನ ಬಳಿ ಸಾಕಷ್ಟು ಆಧಾರವಿಲ್ಲ. ಬರಲಿಲ್ಲ ಎಂದು ಹೇಳಲೂ ಆಧಾರವಿಲ್ಲ.

ಆದರೆ ಅದೇ ಬೆಟ್ಟದ ಬಂಡೆಯ ಮೇಲೆ ಏಳನೆಯ ಶತಮಾನದಿಂದ ಕೆತ್ತಿದ ಹತ್ತಾರು ನಿಸಿದಿಯ ಬರಹಗಳಿವೆಯಲ್ಲ, ಅವನ್ನು ನೋಡಿ. ಉಪವಾಸವಿದ್ದು ದೇಹ ಬಿಟ್ಟ ಮುನಿಗಳ ಮತ್ತು ಕಂತಿಯರ (ಜೈನ ಸನ್ಯಾಸಿನಿಯರ) ಹೆಸರುಗಳು, ಅವರನ್ನು ಕಂಡವರ ಕಾಲದಲ್ಲೇ ಕೆತ್ತಿದ್ದು. ಆ ಜನ ಇದ್ದರೇ ಎಂದು ಯಾರೂ ಕೇಳಬೇಕಾಗಿಲ್ಲ. ಭದ್ರಬಾಹುಗಳ ನೆನಪು ಅವರನ್ನು ಆ ಬಂಡೆಗೆ ಕರೆತಂದಿತ್ತು. ನನಗಂತೂ ಆ ಸಣ್ಣ ಬರಹಗಳ ಮುಂದೆ ನಿಂತಾಗಲೇ ಎದೆ ತುಂಬಿಬರುತ್ತದೆ.

ಕಳ್ಬಪ್ಪಿನ ಶ್ರಾವಕ

ತಾವು ನೇರವಾಗಿ ಹೇಳಿದ್ದರಿಂದ ನೋವಾಗಲಿಲ್ಲ. ನಮ್ಮ ತಂದೆಯವರು ಆ ಬರಹಗಳ ಮೇಲೆ ಕಾಲಿಡದಂತೆ ಬಳಸಿಕೊಂಡು ನಡೆಯಲು ನಮಗೆ ಹೇಳಿಕೊಟ್ಟಿದ್ದರು. ಕಾರಣ ಹೇಳಿರಲಿಲ್ಲ.

ಹಿರೇಕೆರೂರಿನ ಓದುಗ

ಇಲ್ಲಿಯವರೆಗೆ ಎಲ್ಲರೂ ಒಂದು ಮಾತನ್ನು ಒಪ್ಪಿದಂತಿದೆ: ಸಾಕ್ಷಿ ಕಾಲಕ್ಕೆ ಹತ್ತಿರವಾದಷ್ಟೂ ಕಥೆ ನಂಬಲರ್ಹ, ದೂರವಾದಷ್ಟೂ ಪವಾಡಗಳು ಸೇರುತ್ತವೆ. ನಮ್ಮ ತಾಲ್ಲೂಕಿನ ಅಬ್ಬಲೂರಿನ ಶಾಸನ ಇದಕ್ಕೆ ಅಡ್ಡ ಬರುತ್ತದೆ.

ಅಲ್ಲಿಯ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಶಾಸನವಿದೆ, ಕಾಲ ಕ್ರಿ.ಶ. 1200ರ ಸುಮಾರು. ರಾಮಯ್ಯ ಅದಕ್ಕಿಂತ ಕೆಲವೇ ದಶಕಗಳ ಹಿಂದೆ, ಕಲ್ಯಾಣದ ಅರಸ ಬಿಜ್ಜಳನ ಕಾಲದಲ್ಲಿ ಇದ್ದವನು. ಜೈನರೊಡನೆ ಪಣ ಕಟ್ಟಿ ತಲೆ ಕಡಿದುಕೊಂಡು ಶಿವನಿಗೆ ಅರ್ಪಿಸಿದನು, ಏಳು ದಿನಗಳ ಮೇಲೆ ಆ ತಲೆಯನ್ನು ಮರಳಿ ಪಡೆದನು ಎಂದು ಶಾಸನ ಹೇಳುತ್ತದೆ. ಗುಡಿಯ ಗೋಡೆಯಲ್ಲಿ ಅದರ ಶಿಲ್ಪಗಳೂ ಇವೆ. ನೂರು ವರ್ಷ ಕಳೆಯುವ ಮೊದಲೇ, ಅವನನ್ನು ಕಂಡ ಮುದುಕರು ಊರಿನಲ್ಲಿ ಇನ್ನೂ ಬದುಕಿರಬಹುದಾದ ಕಾಲದಲ್ಲಿಯೇ ಪವಾಡ ಕಲ್ಲಿಗೇರಿತು. ಆದರೆ ಅದೇ ಶಾಸನ ಬಿಜ್ಜಳನು ಅವನ ಗುಡಿಗೆ ಗೋಗಾವೆ ಎಂಬ ಊರನ್ನು ಬಿಟ್ಟದ್ದನ್ನೂ, ಆಮೇಲೆ ಚಾಲುಕ್ಯ ಅರಸ ನಾಲ್ವಡಿ ಸೋಮೇಶ್ವರನು ಅಬ್ಬಲೂರನ್ನು ಬಿಟ್ಟದ್ದನ್ನೂ ದಾಖಲಿಸುತ್ತದೆ. ತಲೆಯ ಕಥೆಯನ್ನು ನಂಬದವರೂ ಭೂಮಿಯ ದಾನವನ್ನು ಅಲ್ಲಗಳೆಯಲಾರರು. ದಾನವಿದ್ದ ಮೇಲೆ ಪಡೆದವನೊಬ್ಬ ಇರಲೇಬೇಕು. ಆದ್ದರಿಂದ ಪವಾಡವಿದೆ ಎಂಬ ಕಾರಣಕ್ಕೆ ಮನುಷ್ಯನನ್ನು ಹೊಡೆದುಹಾಕುವುದೂ ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಕಲ್ಯಾಣದ ಹಾದಿ

ಅಬ್ಬಲೂರಿನ ಹೆಸರು ಬಂದದ್ದು ಒಳ್ಳೆಯದಾಯಿತು. ಏಕೆಂದರೆ ಆ ಶಾಸನವನ್ನು ಮುಂದಿಟ್ಟುಕೊಂಡೇ ಒಮ್ಮೆ ಬಸವಣ್ಣನವರ ಪಾತ್ರವನ್ನು ಸಂಶಯಿಸಲಾಗಿತ್ತು. ಬಿಜ್ಜಳನ ಕಾಲದ ಶಾಸನಗಳಲ್ಲಿ ಕಲ್ಯಾಣದ ಬಸವಣ್ಣನವರ ಹೆಸರು ಸಿಗುವುದಿಲ್ಲ, ಏಕಾಂತದ ರಾಮಯ್ಯನ ಹೆಸರು ಸಿಗುತ್ತದೆ. ಆದ್ದರಿಂದ ಶೈವ ಪುನರುಜ್ಜೀವನದ ನಿಜವಾದ ನಾಯಕ ರಾಮಯ್ಯನೇ ಇರಬೇಕು ಎಂದು 19ನೆಯ ಶತಮಾನದ ಕೊನೆಯಲ್ಲಿ ಫ್ಲೀಟ್ ಬರೆದರು. ಅಂದಿನ ಆಧಾರಗಳಿಗೆ ಅದು ಅಸಂಗತ ವಾದವೇನೂ ಆಗಿರಲಿಲ್ಲ. ಆಮೇಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನ ಬೆಳಕಿಗೆ ಬಂತು. ಅದು ಕ್ರಿ.ಶ. 1260ರದು, ಬಾಗೇವಾಡಿಯ ಮಾದಿರಾಜನ ಮಗ ಬಸವರಾಜನ ಮಹಿಮೆಯನ್ನು ಹೇಳುತ್ತದೆ. ಬಸವಣ್ಣನವರು ಲಿಂಗೈಕ್ಯರಾಗಿ ಒಂದು ನೂರು ವರ್ಷದೊಳಗಿನ ಸಾಕ್ಷಿ.

ಆದರೆ ನಾನು ಹೇಳಬೇಕೆಂದದ್ದು ಇದಕ್ಕಿಂತ ಮುಂದಿನದು. ಆ ಒಂದು ಕಲ್ಲು ಸಿಗದಿದ್ದರೆ ಏನಾಗುತ್ತಿತ್ತು? ಬಸವಣ್ಣನವರು ಮಂತ್ರಿಯಾಗಿದ್ದವರು, ಅವರ ಮನೆತನದವರಿಗೆ ಶಾಸನ ಹಾಕಿಸುವ ಶಕ್ತಿಯಿತ್ತು. ಬಸವಣ್ಣನವರು ಅಪ್ಪ ಎಂದು ಕರೆದ ಮಾದಾರ ಚೆನ್ನಯ್ಯನವರಿಗೆ ಯಾರು ಕಲ್ಲು ನಿಲ್ಲಿಸುತ್ತಿದ್ದರು? ಕಲ್ಲು ಕೆತ್ತಿಸುವವರು ಅರಸರು, ಸೆಟ್ಟಿಗಳು, ಮಹಾಜನರು. ಚಪ್ಪಲಿ ಹೊಲಿದವರ, ಕಸ ಗುಡಿಸಿದವರ, ಅಕ್ಕಿ ಆಯ್ದವರ ಇರವಿಗೆ ಉಳಿದಿರುವುದು ಅವರ ವಚನ, ಅವರ ಅಂಕಿತ, ಜೊತೆಯವರು ಅವರನ್ನು ನೆನೆದ ಮಾತು ಮಾತ್ರ. ಅವೂ ನಮಗೆ ದೊರೆತಿರುವುದು ಮುಂದಿನ ಶತಮಾನಗಳ ಓಲೆಗರಿಗಳಲ್ಲಿ. ಸಾಕ್ಷಿ ಇಲ್ಲದವರನ್ನು ಇಲ್ಲದವರೆಂದು ಎಣಿಸುತ್ತ ಹೋದರೆ ಇತಿಹಾಸದಲ್ಲಿ ಕಲ್ಲು ಕೆತ್ತಿಸಿದವರು ಮಾತ್ರ ಉಳಿಯುತ್ತಾರೆ. ಮೇಷ್ಟ್ರು ಮಕ್ಕಳಿಗೆ ಇದನ್ನೂ ಹೇಳಬೇಕೆಂದು ಕೈಮುಗಿದು ಕೇಳುತ್ತೇನೆ.

ತರ್ಕನಿಷ್ಠ

ಕಲ್ಯಾಣದ ಹಾದಿಯವರ ಮಾತು ನನ್ನನ್ನು ತಡೆದು ನಿಲ್ಲಿಸಿತು. ಹೆಸರು ಹಳೆಯದಾದ ಮಾತ್ರಕ್ಕೆ ಮನುಷ್ಯನ ಕಡೆಗೆ ಒಂದು ಹೆಜ್ಜೆಯನ್ನೂ ಇಡಲಾಗದು ಎಂದಿದ್ದೆ. ಅದನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಹೇಳಬಾರದಿತ್ತು. ಜೊತೆಗಾರನೊಬ್ಬ ಹೆಸರು ಹಿಡಿದು ಕರೆದ ಮಾತು ಮತ್ತು ಯುಗಗಳ ಹಿಂದಿನ ಬುದ್ಧನ ಪಟ್ಟಿ, ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಂತಿಲ್ಲ.

ಪಡುವಣ ಕಡಲಿನವಳು

ದೇವರುಗಳೆಲ್ಲ ಒಂದು ಕಾಲದ ಮನುಷ್ಯರೇ ಎಂಬ ವಾದ ಬಹಳ ಹಳೆಯದು. ಕ್ರಿ.ಪೂ. 300ರ ಸುಮಾರಿಗೆ ಗ್ರೀಕರಲ್ಲಿ ಯೂಹೆಮರಸ್ ಎಂಬಾತ ಜ್ಯೂಸ್ ದೇವತೆ ಹಿಂದಿನ ಕಾಲದ ಒಬ್ಬ ಅರಸ ಎಂದು ಬರೆದ. ಕ್ರೀಟ್ ದ್ವೀಪದವರು ಜ್ಯೂಸನ ಸಮಾಧಿಯನ್ನೇ ತೋರಿಸುತ್ತಿದ್ದರು. ಆದರೆ ಜ್ಯೂಸ್ ಎಂಬ ಹೆಸರು ನಮ್ಮ ವೇದದ ದ್ಯೌಸ್ ಎಂಬ ಹೆಸರಿನ ಒಡಹುಟ್ಟು, ಬೆಳಗುವ ಆಕಾಶ ಎಂಬುದೇ ಅದರ ಮೂಲ. ಆಕಾಶಕ್ಕೆ ಎಲ್ಲಿಯ ಸಮಾಧಿ? ಅಗ್ನಿ, ಉಷಸ್ಸು, ವಾಯುಗಳ ಬಗ್ಗೆ ಇವರಿದ್ದರೇ ಎಂದು ಕೇಳುವುದಕ್ಕೂ ವಾಸುದೇವನ ಬಗ್ಗೆ ಕೇಳುವುದಕ್ಕೂ ವ್ಯತ್ಯಾಸವಿದೆ.

ಮನುಷ್ಯ ದೇವರಾಗುವ ದಾರಿ ನಮ್ಮ ನಾಡಿನಲ್ಲಿ ಕಣ್ಣಿಗೆ ಕಾಣುವಂತಿದೆ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ತುರು ಕಾಯ್ದು ಸತ್ತವನ ಕಾಳಗ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಊರಿನವರು ಕಂಡ ಮನುಷ್ಯ ಅದೇ ಕಲ್ಲಿನ ಮೂರನೆಯ ಪಟ್ಟಿಯಲ್ಲಿ ದೇವಲೋಕದಲ್ಲಿದ್ದಾನೆ. ನಮ್ಮ ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರು ಪಾಡ್ದನದಲ್ಲಿ (ತುಳು ಹಾಡುಗತೆಯಲ್ಲಿ) ತಾಯಿಯಿದ್ದ, ಜಗಳವಿದ್ದ, ಗದ್ದೆಯಿದ್ದ ಹುಡುಗರು; ಗರಡಿಯಲ್ಲಿ, ಅಂದರೆ ಅವರ ಗುಡಿಯಲ್ಲಿ, ಅವರೇ ಬೈದೆರ್ಕಳು ಎಂಬ ದೈವಗಳು. ನೇಮದ (ದೈವ ಮೈಮೇಲೆ ಬರುವ ಉತ್ಸವದ) ರಾತ್ರಿ ಅವರು ಇದ್ದರೇ ಎಂದು ಯಾರೂ ಕೇಳುವುದಿಲ್ಲ, ಬಂದರೇ ಎಂದು ಕೇಳುತ್ತಾರೆ. ವೃಷ್ಣಿಗಳ ಐವರು ವೀರರ ಶಾಸನದ ಬಗ್ಗೆ ಓದಿದಾಗ ನನಗೆ ನೆನಪಾದದ್ದು ಗರಡಿಯೇ.

ಮಲಪ್ರಭೆಯ ಮೇಷ್ಟ್ರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಒಂದು ಸಣ್ಣ ಪ್ರಶ್ನೆ ಉಳಿದಿದೆ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು, ಕಡಲೊಳಗೆ ದ್ವಾರಕೆ ಸಿಕ್ಕಿದ ಮೇಲೆ ಇನ್ನು ಚರ್ಚೆಯೇಕೆ ಎನ್ನುತ್ತಾರೆ.

ಶಾಸನಾಸಕ್ತ

ಆ ಕೆಲಸಕ್ಕೆ ಮುಂದಾಳಾಗಿದ್ದವರು ನಮ್ಮ ಕನ್ನಡ ನಾಡಿನವರೇ ಆದ ಪುರಾತತ್ವಜ್ಞ ಎಸ್. ಆರ್. ರಾವ್, ಸಿಂಧೂ ನಾಗರಿಕತೆಯ ಲೋಥಲ್ ನೆಲೆಯನ್ನು ಅಗೆದವರೂ ಅವರೇ. 1980ರ ದಶಕದಲ್ಲಿ ದ್ವಾರಕೆ ಮತ್ತು ಬೇಟ್ ದ್ವಾರಕೆಯ ಕಡಲೊಳಗೆ ಕಲ್ಲಿನ ಕಟ್ಟಡಗಳ ಅವಶೇಷಗಳು, ಲಂಗರು ಕಲ್ಲುಗಳು ಸಿಕ್ಕವು. ರಾವ್ ಅವರು ಅವನ್ನು ಮಹಾಭಾರತದ ದ್ವಾರಕೆಯೆಂದು ಗುರುತಿಸಿದರು. ಅವರ ನಂತರ ಅದೇ ಕಡಲಿನಲ್ಲಿ ಕೆಲಸ ಮಾಡಿದ ಸಂಶೋಧಕರು ಅಲ್ಲಿಯ ಕಟ್ಟಡಗಳಲ್ಲಿ ಹೆಚ್ಚಿನವನ್ನು ಬಹಳ ಈಚಿನ ಬಂದರಿನವೆಂದು ತಿಳಿಯುತ್ತಾರೆ. ಅಲ್ಲಿ ಹಳೆಯ ಬಂದರು ಇತ್ತು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಬಂದರಿನ ಗೋಡೆ ಅದರ ಒಡೆಯ ಯಾರೆಂದು ಹೇಳುವುದಿಲ್ಲ. ಇದೇ ಮಾತು ಬಿ. ಬಿ. ಲಾಲ್ ಅವರು 1950ರಿಂದ 1952ರವರೆಗೆ ಅಗೆದ ಹಸ್ತಿನಾಪುರಕ್ಕೂ ಅನ್ವಯಿಸುತ್ತದೆ. ಗಂಗೆಯ ಪ್ರವಾಹ ಊರನ್ನು ಕೊಚ್ಚಿದ ಗುರುತು ಅಲ್ಲಿ ಸಿಕ್ಕಿತು, ಪುರಾಣಗಳಲ್ಲಿಯೂ ಆ ಪ್ರವಾಹದ ನೆನಪಿದೆ. ಊರಿನ ನೆನಪು ನಿಜವಿರಬಹುದು ಎನ್ನಲು ಅದು ಸಾಕು. ಅರಮನೆಯಲ್ಲಿ ಯಾರಿದ್ದರು ಎನ್ನಲು ಸಾಲದು.

ಮಲಪ್ರಭೆಯ ಮೇಷ್ಟ್ರು

ಸೋಮವಾರ ತರಗತಿಯಲ್ಲಿ ಇದನ್ನೆಲ್ಲ ಮಕ್ಕಳ ಮುಂದೆ ಇಟ್ಟೆ. ರವಿಕೀರ್ತಿ ಕಂಡು ಹೇಳಿದ್ದು ಯಾವುದು, ಕೇಳಿ ಹೇಳಿದ್ದು ಯಾವುದು ಎಂದು ಕಪ್ಪು ಹಲಗೆಯ ಮೇಲೆ ಎರಡು ಸಾಲು ಮಾಡಿಸಿದೆ. ಕೃಷ್ಣನೆಂಬ ವೀರನಿದ್ದಿರಬಹುದು, ಇದ್ದನೆಂದು ಈ ಕಲ್ಲಿನಿಂದ ಹೇಳಲಾಗದು, ಅವನನ್ನು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಜನ ಪೂಜಿಸಿದ್ದಾರೆಂಬುದು ಮಾತ್ರ ಖಚಿತ ಎಂದೆ. ಶಾಸನವಿಲ್ಲದವರ ಬಗ್ಗೆಯೂ ಹೇಳಿದೆ. ಆ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು ಮತ್ತೆ ಕೈಯೆತ್ತಿದಳು: "ಕೇಳಿ ಬರದಾನ ಅಂದ್ರ, ಅಂವಗ 3735 ಅಂತ ಹೇಳಿದವ್ರು ಯಾರ್ರೀ ಸರ್?"

ಪಾಠಶಾಲೆಯ ಹಳೆಯ ವಿದ್ಯಾರ್ಥಿ

ಮೇಷ್ಟ್ರೇ, ಇದಕ್ಕೆ ಉತ್ತರವನ್ನು ಆಕೆಯ ಕೈಯಿಂದಲೇ ಮಾಡಿಸಬಹುದು. ಆರ್ಯಭಟನು ತನಗೆ 23 ವರ್ಷವಾದಾಗ ಕಲಿಯುಗದ 3600 ವರ್ಷಗಳು ಕಳೆದಿದ್ದವು ಎಂದು ಹೇಳಿಕೊಂಡಿದ್ದಾನೆ, ಅದು ಕ್ರಿ.ಶ. 499. ಐಹೊಳೆಯ ಶಾಸನ ಕ್ರಿ.ಶ. 634ರದು. 634ರಿಂದ 499 ಕಳೆಯಲು ಹೇಳಿ, ಆಮೇಲೆ 3735ರಿಂದ 3600 ಕಳೆಯಲು ಹೇಳಿ. ಎರಡೂ ಕಡೆ 135 ಬರುತ್ತದೆ. ರವಿಕೀರ್ತಿಯ ಕಾಲಕ್ಕೆ ಈ ಲೆಕ್ಕ ಜ್ಯೋತಿಷಿಗಳ ಕೈಯಲ್ಲಿ ಬಳಕೆಯಲ್ಲಿತ್ತು. ಗ್ರಹಗಳ ನಡೆಯನ್ನು ಹಿಂದಕ್ಕೆ ಎಣಿಸುತ್ತ ಹೋಗಿ, ಎಲ್ಲ ಗ್ರಹಗಳೂ ಒಂದೆಡೆ ಕೂಡಿದ್ದವೆಂದು ಗಣಿತಕ್ಕೆ ತೋರಿದ ಕ್ಷಣವನ್ನು ಅವರು ಕಲಿಯ ಮೊದಲೆಂದು ಹಿಡಿದರು. ಆರ್ಯಭಟನು ಅದೇ ಗಡಿಯನ್ನು ಭಾರತದ ಹೆಸರಿನಿಂದ ಗುರುತಿಸಿದ್ದಾನೆ. ಲೆಕ್ಕ ಬಂದದ್ದು ಆಕಾಶದಿಂದ, ಕುರುಕ್ಷೇತ್ರದ ನೆಲದಿಂದಲ್ಲ.

ಮಲಪ್ರಭೆಯ ಮೇಷ್ಟ್ರು

ಇಂದು ಮಾಡಿಸಿದೆ. ಆಕೆ 135 ಎಂದು ಎರಡು ಸಲ ಬರೆದು, ಕೆಳಗೆ ಗೆರೆ ಎಳೆದು, ಮುಂದಿನ ಪ್ರವಾಸ ಅಬ್ಬಲೂರಿಗೆ ಎಂದು ತಾನೇ ಬರೆದಿದ್ದಾಳೆ. ಹಿರೇಕೆರೂರಿನ ಓದುಗರೇ, ನಲವತ್ತು ಮಕ್ಕಳಿಗೆ ಮಧ್ಯಾಹ್ನದ ಊಟ ಅಲ್ಲಿ ಎಲ್ಲಿ ಸಿಗಬಹುದು, ದಯವಿಟ್ಟು ತಿಳಿಸಿ.